ಕಾಫಿ ಆಮೇಲೆ ಕುಡಿಯೋಣ, ಮೊದಲು ಜಾನಪದ ಲೋಕ ನೋಡೋಣ

ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಓಡಾಡಿದವರಿಗೆ ರಾಮನಗರ ದಾಟಿದ ಮೇಲೆ ಸಿಗುವ ಕಾಮತ್ ಲೋಕರುಚಿ ಗೊತ್ತೇ ಇರುತ್ತದೆ. ಗಾಡಿ ನಿಲ್ಲಿಸು, ಇಡ್ಲಿ ತಿನ್ನು, ಕಾಫಿ ಕುಡಿ, ಹೊರಡು. ಪಕ್ಕದಲ್ಲೇ ಇರುವ ಜಾನಪದ ಲೋಕ ಅನ್ನುವ ಹಳ್ಳಿ ಬದುಕಿನ ಮ್ಯೂಸಿಯಂನ ಬೋರ್ಡನ್ನು ಹತ್ತಾರು ಸಲ ಓದಿರುತ್ತಾರೆ, ಒಳಗೆ ಮಾತ್ರ ಕಾಲಿಟ್ಟಿರುವುದಿಲ್ಲ. "ಬರುವಾಗ ನೋಡಿದರಾಯ್ತು" ಅಂತಾರೆ. ಬರುವಾಗ ಕತ್ತಲಾಗಿರುತ್ತದೆ, ಗೇಟು ಹಾಕಿರುತ್ತದೆ.

ಇದನ್ನು ಬರೆಯುತ್ತಿರುವುದು ಅಂಥವರಿಗಾಗಿ. ಮೈಸೂರಿಗೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ನುಸುಳಿ ಬರುವುದಕ್ಕಲ್ಲ, ಜಾನಪದ ಲೋಕಕ್ಕೆಂದೇ ಮನೆಯಿಂದ ಹೊರಟು, ನಿಧಾನವಾಗಿ ನೋಡಿ, ಕೊನೆಗೆ ನೆಮ್ಮದಿಯಾಗಿ ಕೂತು ಕಾಫಿ ಕುಡಿದು ಬರುವುದಕ್ಕೆ.

ಹೊರಡುವ ಮುಂಚೆ ಇಷ್ಟು ತಿಳಿದಿರಲಿ

ಇದನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು, ಹುಟ್ಟಿದ್ದು 1915ರಲ್ಲಿ. ಐಎಎಸ್ ಅಧಿಕಾರಿಯಾಗಿದ್ದರು. ಹಳ್ಳಿಯ ಹಾಡು, ಕತೆ, ಪದಗಳನ್ನು ಕೇಳಿ ಬರೆದುಕೊಳ್ಳುವ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಶುರು ಮಾಡಿದರು. 1994ರಲ್ಲಿ ಈ 15 ಎಕರೆ ಜಾಗದಲ್ಲಿ ಜಾನಪದ ಲೋಕ ಜನರಿಗೆ ತೆರೆಯಿತು. ಗೌಡರು ತೀರಿಕೊಂಡದ್ದು 2005ರಲ್ಲಿ. ಅಂದರೆ ಸುಮಾರು ಅರವತ್ತರ ಆಚೆಯ ವಯಸ್ಸಿನಲ್ಲಿ ಶುರು ಮಾಡಿದ ಕೆಲಸ ಇದು. ನಿವೃತ್ತಿಯಾದ ಮೇಲೆ ಏನು ಮಾಡೋದು ಅಂತ ಕೇಳುವವರನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಬನ್ನಿ.

ಅರಮನೆ ಮ್ಯೂಸಿಯಂ ನೋಡಿದ ಕಣ್ಣಿಗೆ ಇಲ್ಲಿ ಮೊದಲು ನಿರಾಸೆಯಾಗಬಹುದು. ಚಿನ್ನದ ಅಂಬಾರಿ ಇಲ್ಲ, ರತ್ನದ ಪೀಠ ಇಲ್ಲ. ಇರುವುದು ಮೊರ, ಒನಕೆ, ನೇಗಿಲು, ಗಾಣ, ಗೊಂಬೆ, ತಮಟೆ. ನಿಮ್ಮ ಮುತ್ತಜ್ಜಿ ಮನೆಯ ಅಟ್ಟ ಖಾಲಿ ಮಾಡುವಾಗ ಗುಜರಿಗೆ ಹಾಕಿದ ಸಾಮಾನೆಲ್ಲ ಇಲ್ಲಿ ಗೋಡೆ ಮೇಲಿದೆ ಅಂದುಕೊಳ್ಳಿ. ನೋಡುವ ರೀತಿ ಗೊತ್ತಿದ್ದರೆ ಅರ್ಧ ದಿನ ಸಾಲದು. ಗೊತ್ತಿಲ್ಲದಿದ್ದರೆ ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದುಬಿಡುತ್ತೀರಿ.

ಮೊದಲ ಕೆಲಸ: ದಿನ ಗೊತ್ತು ಮಾಡಿಕೊಳ್ಳಿ

ಮಂಗಳವಾರ ರಜೆ. ಸೋಮವಾರ ರಜೆ ಇರುವ ಮ್ಯೂಸಿಯಂಗಳೇ ಜಾಸ್ತಿ, ಹಾಗಾಗಿ ಜನ ಇಲ್ಲಿ ಎಡವುತ್ತಾರೆ. ಉಳಿದ ದಿನ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ ನೋಡಬಹುದು. ಟಿಕೆಟ್ ದರ ಆಗಾಗ ಬದಲಾಗುತ್ತದೆ, ಆದರೆ ಜೇಬಿಗೆ ಭಾರವಾಗುವಂಥದ್ದಲ್ಲ. ಹಬ್ಬದ ದಿನ ಹೊರಡುವುದಾದರೆ ಒಂದು ಫೋನ್ ಮಾಡಿಕೊಂಡೇ ಹೊರಡಿ.

ಚಳಿಗಾಲದಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ಮಕ್ಕಳ ಗಲಾಟೆ ಚೆಂದವೇ, ಆದರೆ ಒಂದೊಂದು ವಸ್ತುವಿನ ಮುಂದೆ ನಿಂತು ನೋಡುವುದಕ್ಕೆ ಆಗುವುದಿಲ್ಲ. ಅಂಥ ಸಮಯದಲ್ಲಿ ಬಾಗಿಲು ತೆಗೆದ ಕೂಡಲೇ ಒಳಗಿರುವುದು ಒಳ್ಳೆಯದು. ಬೇಸಿಗೆಯಲ್ಲೂ ಅಷ್ಟೇ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ನಡೆಯಬೇಕು, ಹನ್ನೆರಡರ ನಂತರ ರಾಮನಗರದ ಬಂಡೆ ನಾಡಿನ ಬಿಸಿಲು ಸುಮ್ನೆ ಬಿಡುವುದಿಲ್ಲ.

ಕುಣಿತ, ಹಾಡು, ಮೇಳ ನೋಡಬೇಕು ಅನ್ನುವವರು ಇಲ್ಲೇ ನಡೆಯುವ ಜಾನಪದ ಹಬ್ಬ, ಲೋಕೋತ್ಸವದ ಹೊತ್ತಿಗೆ ಬನ್ನಿ. ಆಗ ಬೇರೆ ಬೇರೆ ಜಿಲ್ಲೆಯ ಕಲಾವಿದರು ಬಂದಿರುತ್ತಾರೆ. ವಸ್ತು ನೋಡುವುದಕ್ಕೆ ಮಾತ್ರ ಆ ದಿನ ಬೇಡ. ಎರಡೂ ಒಂದೇ ದಿನ ಆಗುವ ಮಾತಲ್ಲ.

ದಾರಿ ತಪ್ಪುವುದು ಇಲ್ಲೇ

ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ಚಿಲ್ಲರೆ. ಜಾನಪದ ಲೋಕ ಇರುವುದು ರಾಮನಗರ ಮತ್ತು ಚನ್ನಪಟ್ಟಣದ ನಡುವೆ, ಹಳೇ ಮೈಸೂರು ರಸ್ತೆಯ ಮೇಲೆ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಈ ಎರಡೂ ಊರುಗಳನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಬಿಡದಿ ದಾಟಿದ ಮೇಲೆ ಮಾತಿನಲ್ಲಿ ಮೈಮರೆತರೆ ನೀವು ಸೀದಾ ಮದ್ದೂರಿನ ಕಡೆ. ರಾಮನಗರಕ್ಕೆ ಮುಂಚೆಯೇ ಹೊರಗಿಳಿದು ಹಳೇ ರಸ್ತೆ ಹಿಡಿಯಬೇಕು. ಮೊಬೈಲಿನಲ್ಲಿ ಮೈಸೂರು ಅಂತ ಹಾಕಿಕೊಂಡು ನಡುವೆ ನಿಲ್ಲಿಸಿದರಾಯ್ತು ಅಂದುಕೊಳ್ಳಬೇಡಿ, ಜಾನಪದ ಲೋಕ ಅಂತಲೇ ಹಾಕಿ.

ಬೈಕಿನವರಿಗೆ ಈ ತಲೆನೋವಿಲ್ಲ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ, ಆಟೋಗಳನ್ನು ಬಿಡುವುದಿಲ್ಲ. ಪಕ್ಕದ ರಸ್ತೆ, ಹಳೇ ರಸ್ತೆಯಲ್ಲೇ ಬರಬೇಕು, ಅದು ನಿಮ್ಮನ್ನು ಗೇಟಿನ ಮುಂದೆಯೇ ತರುತ್ತದೆ.

ಬಸ್ಸಿನಲ್ಲಿ ಬರುವವರು ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿ: "ರಾಮನಗರದ ಒಳಗೆ ಹೋಗುತ್ತಾ?" ನಾನ್‌ಸ್ಟಾಪ್ ಬಸ್ಸುಗಳು ಹೋಗುವುದಿಲ್ಲ. ನನ್ನನ್ನು ಕೇಳಿದರೆ ರೈಲೇ ವಾಸಿ. ಮೈಸೂರು ಕಡೆಯ ಪ್ಯಾಸೆಂಜರ್ ಹತ್ತಿ ರಾಮನಗರದಲ್ಲಿ ಇಳಿದರೆ ಅಲ್ಲಿಂದ ಆಟೋದಲ್ಲಿ ಸ್ವಲ್ಪ ದೂರ ಅಷ್ಟೇ. ಆಟೋದವರ ಹತ್ತಿರ ದರ ಮೊದಲೇ ಮಾತಾಡಿಕೊಳ್ಳಿ.

ಯಾರನ್ನು ಕರೆದುಕೊಂಡು ಹೋಗಬೇಕು

ಈ ಲೇಖನದಲ್ಲಿ ಒಂದೇ ಒಂದು ಸಲಹೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಳ್ಳಿಯಲ್ಲಿ ಬೆಳೆದ, ಎಪ್ಪತ್ತರ ಹತ್ತಿರವೋ ಆಚೆಯೋ ಇರುವ ಒಬ್ಬರು ನಿಮ್ಮ ಜೊತೆ ಇರಬೇಕು. ಅಜ್ಜಿ, ತಾತ, ದೊಡ್ಡಮ್ಮ, ಸೋದರಮಾವ, ಪಕ್ಕದ ಮನೆಯ ಹಿರಿಯರು, ಯಾರಾದರೂ ಸರಿ.

ವಸ್ತುವಿನ ಪಕ್ಕದ ಚೀಟಿಯಲ್ಲಿ ಹೆಸರು ಇರುತ್ತದೆ. ಅದನ್ನು ಹಿಡಿದ ಕೈ ಹೇಗೆ ನೋಯುತ್ತಿತ್ತು ಅನ್ನುವುದು ಚೀಟಿಯಲ್ಲಿ ಇರುವುದಿಲ್ಲ. ಬೀಸುವ ಕಲ್ಲಿನ ಮುಂದೆ ಅಜ್ಜಿಯನ್ನು ನಿಲ್ಲಿಸಿ "ಅಜ್ಜಿ, ಎಷ್ಟು ಹೊತ್ತಿಗೆ ಏಳ್ತಿದ್ರಿ?" ಅಂತ ಒಂದೇ ಪ್ರಶ್ನೆ ಕೇಳಿ ನೋಡಿ. ಕೋಳಿ ಕೂಗುವ ಮುಂಚಿನ ಕತೆ ಶುರುವಾಗುತ್ತದೆ. ಒಂದು ಗೂಟವನ್ನು ಇಬ್ಬರು ಹಿಡಿದು ಎದುರುಬದುರು ಕೂರುತ್ತಿದ್ದದ್ದು, ರಾಗಿ ಹಿಡಿ ಹಿಡಿಯಾಗಿ ಬಾಯಿಗೆ ಹಾಕುತ್ತಿದ್ದದ್ದು, ಅತ್ತೆಯ ಬಗ್ಗೆ ಹೇಳಬೇಕಾದ್ದನ್ನೆಲ್ಲ ಪದ ಕಟ್ಟಿ ಹಾಡಿಬಿಡುತ್ತಿದ್ದದ್ದು. ಅಜ್ಜಿಗೆ ಒಂದು ಸಾಲು ನೆನಪಾದರೂ ಸಾಕು, ಮೊಬೈಲ್ ರೆಕಾರ್ಡ್ ಒತ್ತಿ. ನಾಗೇಗೌಡರು ಮಾಡಿದ್ದೂ ಇದೇ ಕೆಲಸ ಅಲ್ವಾ? ಕೇಳಿದರು, ಬರೆದುಕೊಂಡರು, ಟೇಪಿಗೆ ಹಿಡಿದರು.

ಹಿರಿಯರ ಮಂಡಿ ನೋವಿಗೂ ಜಾಗ ಇರಲಿ. ಎಲ್ಲಾ ಕಟ್ಟಡ ಮುಗಿಸಲೇಬೇಕು ಅಂತ ಎಳೆದಾಡಬೇಡಿ. ಕೊಡೆ, ನೀರು, ಸವೆದು ಮೆತ್ತಗಾದ ಚಪ್ಪಲಿ ಸಾಕು.

ತಿಂಡಿ ಮೊದಲಾ, ಮ್ಯೂಸಿಯಂ ಮೊದಲಾ?

ಹಸಿದು ಬಂದಿದ್ದರೆ ತಿಂಡಿ ಮೊದಲು, ಸಂಶಯ ಬೇಡ. ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದುಕೊಂಡು ಬಂದರೆ ಇನ್ನೂ ಅನುಕೂಲ. ಶನಿವಾರ, ಭಾನುವಾರ ಬೆಳಿಗ್ಗೆ ಲೋಕರುಚಿಯಲ್ಲಿ ಮೈಸೂರು, ಕೊಡಗಿನ ಕಡೆ ಹೊರಟವರ ರಶ್ ಇರುತ್ತದೆ, ಟೇಬಲ್ಲಿಗೆ ಕಾಯುವುದರಲ್ಲೇ ತಂಪು ಹೊತ್ತು ಕಳೆದುಹೋಗುತ್ತದೆ. ಹಾಗಾಗಿ ತಿಂಡಿ ಬಿಡದಿಯಲ್ಲಿ, ಮ್ಯೂಸಿಯಂ ಒಂಬತ್ತೂವರೆಗೆ, ಕಾಫಿ ಮತ್ತು ಊಟ ಹನ್ನೆರಡರ ನಂತರ ಲೋಕರುಚಿಯಲ್ಲಿ.

ಒಳಗೆ ಹೋದ ಮೇಲೆ

ಕ್ಯಾಮೆರಾ ಇದ್ದರೆ ಟಿಕೆಟ್ ಕೌಂಟರಿನಲ್ಲೇ ಕೇಳಿಬಿಡಿ. ಒಳಗೆ ಬೇರೆ ಬೇರೆ ಕಟ್ಟಡಗಳಿವೆ: ಚಿತ್ರಕುಟೀರ, ಲೋಕಮಾತಾ ಮಂದಿರ, ಲೋಕಮಹಲ್, ಶಿಲ್ಪಮಾಳ, ಆಯಗಾರರ ಮಾಳ, ದೊಡ್ಡಮನೆ, ಬಯಲು ರಂಗಮಂದಿರ. ಚಿತ್ರಕುಟೀರದಲ್ಲಿ ಫೋಟೋಗಳು. ಅಲ್ಲಿ ಹೆಚ್ಚು ಹೊತ್ತು ಬೇಡ, ಒಂದು ಸುತ್ತು ಹಾಕಿ. ಯಾವ ವೇಷ ಯಾವ ಕುಣಿತದ್ದು ಅನ್ನುವ ಅಂದಾಜು ಸಿಕ್ಕರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ನಿಧಾನ ಆಗಬೇಕಾದದ್ದು ಲೋಕಮಾತಾ ಮಂದಿರದಲ್ಲಿ. ಅಡುಗೆಮನೆ, ಧಾನ್ಯ, ಅಳತೆಯ ಸಾಮಾನುಗಳೆಲ್ಲ ಇಲ್ಲಿ. ಇಲ್ಲಿ ನೋಡುವುದಕ್ಕೆ ಒಂದು ಉಪಾಯ ಹೇಳುತ್ತೇನೆ: ಸವೆದ ಜಾಗ ಹುಡುಕಿ. ಒನಕೆಯ ನಡುವೆ ಕೈ ಹಿಡಿಯುತ್ತಿದ್ದ ಕಡೆ ಮರ ಸಣ್ಣಗಾಗಿ ನುಣುಪಾಗಿರುತ್ತದೆ. ಒರಳಿನ ಒಳಗೋಡೆ ಒಂದು ಕಡೆ ಜಾಸ್ತಿ ಸವೆದಿರುತ್ತದೆ. ಕಡೆಗೋಲಿನ ಕಂಬಕ್ಕೆ ಹಗ್ಗ ಸುತ್ತಿ ಎಳೆದು ಎಳೆದು ಗೆರೆ ಬಿದ್ದಿರುತ್ತದೆ. ಈ ಸವೆತ ಯಾವ ಕುಶಲಕರ್ಮಿಯೂ ಕೆತ್ತಿದ್ದಲ್ಲ. ದಿನಾ ಬೆಳಿಗ್ಗೆ ಒಬ್ಬ ಹೆಂಗಸಿನ ಕೈ ಬಿದ್ದು ಆದದ್ದು, ಅವಳ ಮಗಳ ಕೈ, ಸೊಸೆಯ ಕೈ. ಹೊಸದಾಗಿ ಕಾಣುವ ವಸ್ತು ಮತ್ತು ದುಡಿದ ವಸ್ತುವಿನ ವ್ಯತ್ಯಾಸ ಒಮ್ಮೆ ಕಣ್ಣಿಗೆ ಹತ್ತಿದರೆ ಆಮೇಲೆ ಯಾವ ಮ್ಯೂಸಿಯಂ ಆದರೂ ಬೇಸರವಾಗುವುದಿಲ್ಲ.

ಅಳತೆಯ ಪಾತ್ರೆಗಳ ಹತ್ತಿರ ಮಕ್ಕಳನ್ನು ನಿಲ್ಲಿಸಿ. ಎರಡು ಪಾವು ಒಂದು ಅಚ್ಚೇರು, ನಾಲ್ಕು ಪಾವು ಒಂದು ಸೇರು. ಇಷ್ಟು ಹೇಳಿ ಬಿಡಿ, ಮಿಕ್ಕ ಲೆಕ್ಕ ತಾತ ಹೇಳಲಿ. ಅಳೆಯುವಾಗ ತಲೆತಟ್ಟಿ ಅಳೆಯುತ್ತಿದ್ದರಾ, ಗೋಪುರ ಮಾಡಿ ಅಳೆಯುತ್ತಿದ್ದರಾ ಅಂತ ಕೇಳಿ. ಕೂಲಿ ಕೊಡುವಾಗ ಒಂದು ಥರ, ಸಾಲ ವಾಪಸ್ ಪಡೆಯುವಾಗ ಇನ್ನೊಂದು ಥರ ಅಳೆದವರ ಕತೆ ಪ್ರತಿ ಊರಲ್ಲೂ ಒಂದು ಇರುತ್ತದೆ.

ಲೋಕಮಹಲ್ ದೊಡ್ಡದು. ಯಕ್ಷಗಾನದ ವೇಷಗಳು, ತೊಗಲು ಗೊಂಬೆ, ಸೋಮನ ಕುಣಿತದ ಮುಖಗಳು, ವಾದ್ಯಗಳು. ಎಲ್ಲವನ್ನೂ ನೋಡಲು ಹೋದರೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಎರಡೋ ಮೂರೋ ಆರಿಸಿಕೊಳ್ಳಿ. ನಾನು ಹೇಳುವುದಾದರೆ ಮೊದಲು ತೊಗಲು ಗೊಂಬೆ. ಚರ್ಮವನ್ನು ಹದ ಮಾಡಿ, ತೆಳ್ಳಗೆ ಮಾಡಿ, ಬೆಳಕು ಹಾಯುವಂತೆ ಬಣ್ಣ ಹಾಕಿರುತ್ತಾರೆ. ಒಡವೆ, ಸೀರೆಯ ಅಂಚು ಇರುವ ಕಡೆ ಸಣ್ಣ ಸಣ್ಣ ತೂತು ಕಾಣುತ್ತದೆ ನೋಡಿ. ಅದು ಹಾಳಾಗಿರುವುದಲ್ಲ. ಪರದೆಯ ಹಿಂದೆ ದೀಪ ಇಟ್ಟಾಗ ಆ ತೂತುಗಳೇ ಹರಳು, ಮುತ್ತಾಗಿ ಹೊಳೆಯುತ್ತವೆ. ಗೋಡೆಗೆ ಒರಗಿಸಿದ ಗೊಂಬೆ ಅರ್ಧ ಗೊಂಬೆ ಅಷ್ಟೇ. ದೀಪದ ಎದುರು ಹಿಡಿದಾಗಲೇ ಅದು ಪೂರ್ತಿ.

ಆಮೇಲೆ ವಾದ್ಯ. ಇಲ್ಲಿ ಒಂದು ಆಟ ಆಡಿ: ವಾದ್ಯ ನೋಡಿ ದೇವರ ಹೆಸರು ಹೇಳಬೇಕು. ಕಂಸಾಳೆ ಅಂದರೆ ಮಲೆ ಮಹದೇಶ್ವರ. ಚೌಡಿಕೆ ಅಂದರೆ ಸವದತ್ತಿ ಎಲ್ಲಮ್ಮ. ಡಮರುಗ, ಕರಡಿ ಕೂದಲಿನ ಟೊಪ್ಪಿಗೆ ಅಂದರೆ ಗೊರವರು, ಅವರ ದೇವರು ಮೈಲಾರಲಿಂಗ. ಡೊಳ್ಳು ಅಂದರೆ ಬೀರೇಶ್ವರ. ನೀಲಗಾರರ ತಂಬೂರಿ ಅಂದರೆ ಮಂಟೇಸ್ವಾಮಿ, ಸಿದ್ದಪ್ಪಾಜಿ. ಕರ್ನಾಟಕದ ನಕ್ಷೆಯೇ ಕಣ್ಣ ಮುಂದೆ ಬರುತ್ತದೆ, ಜಿಲ್ಲೆಗಳ ಬದಲು ಜಾತ್ರೆಗಳ ನಕ್ಷೆ. ಕಂಸಾಳೆಯನ್ನು ಹತ್ತಿರದಿಂದ ನೋಡಿ. ಎರಡು ತಾಳ ಒಂದೇ ಥರ ಇರುವುದಿಲ್ಲ. ಒಂದು ಬಟ್ಟಲಿನ ಹಾಗೆ ಅಂಗೈಯಲ್ಲಿ ಕೂರುತ್ತದೆ, ಇನ್ನೊಂದು ಚಪ್ಪಟೆ, ಅದಕ್ಕೆ ದಾರ, ಗೊಂಡೆ. ಬೀಸುವಾಗ ಆ ದಾರದ ಉದ್ದವೇ ಕಲಾವಿದನ ಧೈರ್ಯ.

ಲೋಕಮಹಲ್ ಮುಗಿದಾಗ ಮಕ್ಕಳು ಸುಸ್ತಾಗಿರುತ್ತಾರೆ. ಅವರನ್ನು ದೊಡ್ಡಮನೆಗೆ ಬಿಡಿ, ಓಡಾಡಿಕೊಂಡಿರಲಿ.

ಕಲ್ಲುಗಳ ಮುಂದೆ ಕೂರಿ

ಶಿಲ್ಪಮಾಳವನ್ನು ಹೆಚ್ಚಿನವರು ಸೆಲ್ಫಿ ತೆಗೆದುಕೊಂಡು ದಾಟಿಬಿಡುತ್ತಾರೆ. ನಮ್ಮ ಊರುಗಳಲ್ಲಿ ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ಬಿದ್ದಿರುವಂಥ ಕಲ್ಲುಗಳೇ ಇಲ್ಲಿರುವುದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂತಸ್ತಿನಲ್ಲಿ ಕಾಳಗ: ಕುದುರೆ, ಬಿಲ್ಲು, ಕತ್ತಿ, ಕೆಲವು ಕಡೆ ಹಸುಗಳೂ ಇರುತ್ತವೆ. ಹಸು ಇದ್ದರೆ ಅದು ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನ ಕಲ್ಲು. ನಡುವಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ತುದಿಯಲ್ಲಿ ಅವನು ಶಿವಲಿಂಗದ ಎದುರು ಕೂತಿರುತ್ತಾನೆ, ಮೇಲೆ ಸೂರ್ಯ ಚಂದ್ರ. ಅವರಿಬ್ಬರು ಇರುವವರೆಗೆ ಈ ಹೆಸರು ಇರಲಿ ಅಂತ.

ಅದರ ಹತ್ತಿರ ಕಂಬದಿಂದ ಒಂದು ಕೈ ಮಾತ್ರ ಚಾಚಿಕೊಂಡಿರುವ ಕಲ್ಲು ಕಂಡರೆ ಅದು ಮಾಸ್ತಿಕಲ್ಲು. ಮೊಣಕೈ ಬಗ್ಗಿರುತ್ತದೆ, ಅಂಗೈ ತೆರೆದಿರುತ್ತದೆ, ಬಳೆಗಳು ಸ್ಪಷ್ಟವಾಗಿ ಕೆತ್ತಿರುತ್ತವೆ. ಗಂಡನ ಚಿತೆ ಏರಿದವಳ ಕಲ್ಲು. ಮಕ್ಕಳು "ಇದೇನು?" ಅಂತ ಕೇಳುತ್ತಾರೆ. ಸುಳ್ಳು ಹೇಳಬೇಡಿ, ವಯಸ್ಸಿಗೆ ತಕ್ಕ ಹಾಗೆ ನಿಜವನ್ನೇ ಹೇಳಿ. ಜನಪದ ಅಂದರೆ ಬರೀ ಸುಗ್ಗಿ ಹಾಡಲ್ಲ, ಇದೂ ಸೇರಿದ್ದೇ.

ಆಯಗಾರರ ಮಾಳದಲ್ಲಿ ಹಳ್ಳಿಯ ಕಸುಬುಗಳ ಸಾಮಾನಿವೆ, ಗಾಣ ಇಲ್ಲಿನ ದೊಡ್ಡಣ್ಣ. ಬಡಗಿ, ಕಮ್ಮಾರ, ಕುಂಬಾರ, ಅಗಸ, ಹೀಗೆ ಊರಿಗೆ ದುಡಿಯುತ್ತಿದ್ದವರಿಗೆ ಸುಗ್ಗಿಯಲ್ಲಿ ಕಣದಲ್ಲೇ ಧಾನ್ಯದ ಪಾಲು ಕೊಡುತ್ತಿದ್ದರು. ಹನ್ನೆರಡು ಆಯಗಾರರು ಅಂತ ಲೆಕ್ಕ. ಇದನ್ನು ನೋಡುವಾಗ "ಆಗಿನ ಕಾಲ ಎಷ್ಟು ಚೆನ್ನಾಗಿತ್ತು" ಅನ್ನುವ ಮಾತು ಯಾರಾದರೂ ಆಡುತ್ತಾರೆ. ಪಾಲು ಯಾರಿಗೆ ಎಷ್ಟು ಸಿಗುತ್ತಿತ್ತು, ಕಣದಲ್ಲಿ ಯಾರು ಎಲ್ಲಿ ನಿಲ್ಲಬೇಕಿತ್ತು, ಅದನ್ನೂ ತಾತನನ್ನು ಕೇಳಿ. ಒಂದೊಂದು ಮನೆಯ ತಾತ ಒಂದೊಂದು ಉತ್ತರ ಕೊಡುತ್ತಾರೆ.

ಈಗ ಕಾಫಿ

ಎರಡೂವರೆ ಮೂರು ಗಂಟೆ ನಡೆದು, ನಿಂತು, ಹೊರಗೆ ಬಂದಿದ್ದೀರಿ. ಲೋಕರುಚಿಯಲ್ಲಿ ಕೂರಿ. ಊಟದ ಹೊತ್ತಾಗಿದ್ದರೆ ಜೋಳದ ರೊಟ್ಟಿ ಊಟ ಹೇಳಿ. ರಾಗಿ ಮುದ್ದೆಯ ನಾಡಿನ ನಟ್ಟನಡುವೆ ಉತ್ತರ ಕರ್ನಾಟಕದ ರೊಟ್ಟಿ ತಿನ್ನುವುದು ತಮಾಷೆಯಾಗಿ ಕಾಣಬಹುದು. ಆದರೆ ಒಳಗೆ ಎಲ್ಲಾ ಸೀಮೆಯ ಸಾಮಾನು ನೋಡಿ ಬಂದಮೇಲೆ ಅದೇ ಸರಿ ಅನ್ನಿಸುತ್ತದೆ. ಹಸಿವಿಲ್ಲದಿದ್ದರೆ ವಡೆ ಮತ್ತು ಕಾಫಿ ಸಾಕು.

ಕಾಫಿ ಹೇಳುವಾಗ ಸಕ್ಕರೆ ಕಡಿಮೆ, ಸ್ಟ್ರಾಂಗ್ ಅಂತ ಮೊದಲೇ ಹೇಳಿ, ಬಂದಮೇಲೆ ಗೊಣಗಬೇಡಿ. ರಶ್ ಇರುವ ಹೊತ್ತಿನಲ್ಲಿ ಯಾವ ಹೋಟೆಲಿನಲ್ಲೂ ಡಿಕಾಕ್ಷನ್ ತೆಳ್ಳಗಾಗುವ ಸಾಧ್ಯತೆ ಇದ್ದೇ ಇದೆ, ಹನ್ನೊಂದೂವರೆಯ ನಂತರ ಸ್ವಲ್ಪ ತೆರವಾದಾಗ ಕುಡಿದರೆ ಒಳ್ಳೆಯದು.

ಇಲ್ಲಿ ಒಂದು ಮಾತು. ಈಗಷ್ಟೇ ನೋಡಿ ಬಂದ ಅಡುಗೆಮನೆ ಸಾಮಾನಿನಲ್ಲಿ ಕಾಫಿಗೆ ಸಂಬಂಧಪಟ್ಟದ್ದು ಏನಿತ್ತು ಅಂತ ಯೋಚಿಸಿ. ಬಾಬಾಬುಡನ್ ಗಿರಿಯ ನಾಡು ನಮ್ಮದೇ ಆದರೂ ಬಯಲುಸೀಮೆಯ ಹಳ್ಳಿ ಮನೆಗಳಿಗೆ ಕಾಫಿ ಬಂದದ್ದು ತೀರಾ ತಡವಾಗಿ. ಅದಕ್ಕೆ ಮುಂಚೆ ನೆಂಟರು ಬಂದರೆ ನೀರು–ಬೆಲ್ಲ, ಮಜ್ಜಿಗೆ, ಪಾನಕ. ನಿಮ್ಮ ಜೊತೆಯ ಹಿರಿಯರಿಗೆ ಮನೆಗೆ ಮೊದಲ ಸಲ ಕಾಫಿಪುಡಿ ತಂದವರು ಯಾರು ಅಂತ ನೆನಪಿರಬಹುದು. ಬೆಲ್ಲದ ಕಾಫಿ, ಬಟ್ಟೆಯಲ್ಲಿ ಸೋಸಿದ ಕಾಫಿ, ಹೆಂಗಸರಿಗೆ ಕೊನೆಯಲ್ಲಿ ಮಿಕ್ಕ ಕಾಫಿ. ಟೇಬಲ್ಲಿನ ಮೇಲೆ ಮೊಬೈಲ್ ಇಟ್ಟು ಇದನ್ನೂ ರೆಕಾರ್ಡ್ ಮಾಡಿ. ಪಾತ್ರೆಗಳ ಸದ್ದು ಸೇರಿಕೊಂಡರೂ ಪರವಾಗಿಲ್ಲ. ಮನೆಗೆ ಹೋದಮೇಲೆ ಫೈಲಿಗೆ ಹೇಳಿದವರ ಹೆಸರು, ಊರು, ತಾರೀಕು ಹಾಕಿ ಇಡಿ. ಹೆಸರಿಲ್ಲದ ರೆಕಾರ್ಡಿಂಗ್ ನಾಲ್ಕು ವರ್ಷದ ಮೇಲೆ ಯಾರಿಗೂ ಅರ್ಥವಾಗುವುದಿಲ್ಲ.

ಸಮಯ ಉಳಿದರೆ

ಅದೇ ಹಳೇ ರಸ್ತೆಯಲ್ಲಿ ಮುಂದೆ ಹೋದರೆ ಕೆಂಗಲ್ ಆಂಜನೇಯನ ದೇವಸ್ಥಾನ, ಆಮೇಲೆ ಚನ್ನಪಟ್ಟಣ. ಗೊಂಬೆ ಕೊಳ್ಳುವ ಮನಸ್ಸಿದ್ದರೆ ರಸ್ತೆ ಬದಿಯ ಮೊದಲ ಅಂಗಡಿಯಲ್ಲೇ ಕೊಂಡುಬಿಡಬೇಡಿ. ಊರೊಳಗೆ ಕಲಾನಗರದ ಕಡೆ ಹೋದರೆ ಕೆಲಸ ನಡೆಯುವುದನ್ನೇ ನೋಡಬಹುದು. ಆಲೆ ಮರದ ತುಂಡು ಕಡೆಯುವ ಯಂತ್ರದಲ್ಲಿ ತಿರುಗುತ್ತಿರುತ್ತದೆ, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ಒಣಗಿದ ತಾಳೆಗರಿಯಿಂದ ತಿಕ್ಕಿದರೆ ಹೊಳಪು. ಬ್ರಷ್ಷಿನಲ್ಲಿ ಹಚ್ಚಿದ ಬಣ್ಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಅರಗಿನದ್ದರ ಮೇಲೆ ಗೆರೆ ಇರುವುದಿಲ್ಲ, ಮೂಲೆಯಲ್ಲಿ ಬಣ್ಣ ನಿಂತಿರುವುದಿಲ್ಲ.

ರಾಮದೇವರ ಬೆಟ್ಟ, ರಣಹದ್ದುಗಳ ಧಾಮ ಇವನ್ನೆಲ್ಲ ಇದೇ ದಿನಕ್ಕೆ ತುರುಕಬೇಡಿ. ಅದಕ್ಕೆ ಬೇರೆ ಬೆಳಿಗ್ಗೆ ಬೇಕು, ಹತ್ತುವ ಕಾಲು ಬೇಕು. ಭಾನುವಾರವಾದರೆ ಚನ್ನಪಟ್ಟಣದಿಂದ ನಾಲ್ಕು ಗಂಟೆಗೆಲ್ಲ ಬೆಂಗಳೂರಿನ ಕಡೆ ತಿರುಗಿ. ಮೈಸೂರಿಂದ ವಾಪಸ್ ಬರುವ ಗಾಡಿಗಳೆಲ್ಲ ಸಂಜೆ ಕೆಂಗೇರಿಯ ಹತ್ತಿರ ಒಟ್ಟಿಗೆ ಸೇರುತ್ತವೆ.